ಕಾಲ್ಮರಿಯ ಕಸುಬು

(ಸಂಘದ ವಾರ್ಷಿಕೋತ್ಸವದ ಎರಡನೆಯ ದಿನ, ಜತ್ತ ತಾಲೂಕಿನ ಒಂದು ಕನ್ನಡ ಶಾಲೆಯ ಅಂಗಳದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಭಾಷೆ, ಶಾಲೆ, ಗಡಿ ಇವುಗಳ ವಿಷಯವಾಗಿ ಮಾತುಗಳು ನಡೆಯುವದು ವಾಡಿಕೆ. ನಿನ್ನೆಯ ದಿನ ಅವೆಲ್ಲ ಯಥೇಷ್ಟವಾಗಿ ನಡೆದಿವೆ. ಇಂದು ನಮಗೆ ದಯಪಾಲಿಸಿದ ಅರ್ಧ ತಾಸನ್ನು, ಈ ಮಂಟಪದ ಬಾಗಿಲಲ್ಲಿ ತಾವೆಲ್ಲರೂ ಬಿಟ್ಟುಬಂದಿರುವ ಪಾದರಕ್ಷೆಗಳಿಗೆ ಮೀಸಲಿಡಬೇಕೆಂದು ಮಾಡಿದ್ದೇವೆ. ತುಂಬಿದ ಸಭೆಯಲ್ಲಿ ಚಪ್ಪಲಿಯ ಮಾತೆತ್ತುವದು ಶೋಭಿಸದೆಂದು ಯಾರಿಗಾದರೂ ಅನ್ನಿಸಿದ್ದರೆ, ಆ ಅನ್ನಿಸಿಕೆಯ ವಿಷಯವಾಗಿಯೂ ನಾವು ಮುಂದೆ ಎರಡು ಮಾತು ಆಡುವವರಿದ್ದೇವೆ. ಅಲ್ಲಿಯ ವರೆಗೆ ತಾಳ್ಮೆಯಿಂದಿರಬೇಕೆಂದು ಪ್ರಾರ್ಥನೆ.

ಈ ವಸ್ತುವಿಗೆ ನಮ್ಮ ಸೀಮೆಯಲ್ಲಿ ಹೆಸರುಗಳ ಬಡತನವಿಲ್ಲ. ಕೆರ, ಕೆರವು, ಮೆಟ್ಟು, ಜೋಡು, ಎಕ್ಕಡ, ಕಾಲ್ಮರಿ ಎಂದು ಹಳ್ಳಿಗೊಂದು ಮಾತುಂಟು. ಪಾರಸಿಯಿಂದ ಬಂದ ಪಾಪಾಸು ಎಂಬದೂ ನಮ್ಮದಾಗಿದೆ. ಶರಣರ ಕಥೆಗಳಲ್ಲಿ ಬರುವ ಚಮ್ಮಾವುಗೆ ಎಂಬ ಮಾತು ಇವೆಲ್ಲಕ್ಕಿಂತ ಘನವಾದದ್ದು. ನಮಗೆ ಮಾತ್ರ ಕಾಲ್ಮರಿ ಎಂಬದೇ ಹಿತವೆನಿಸುತ್ತದೆ. ಯಜಮಾನನ ಬೆನ್ನು ಹತ್ತಿ ಬರುವ ಮರಿಯಂತೆ ಅದು ಕಿವಿಗೆ ಕೇಳಿಸುತ್ತದೆ.

ಪೇಟೆಯಲ್ಲಿ ಮಾತ್ರ ಅದರ ಹೆಸರು ಕೊಲ್ಹಾಪುರಿ. ಈ ಹೆಸರಿನ ವಿಷಯದಲ್ಲಿ ನಮ್ಮ ತರುಣರು ಕೆಲವೊಮ್ಮೆ ವಾದಕ್ಕೆ ಇಳಿಯುತ್ತಾರೆ. ಅಥಣಿಯಲ್ಲಿ, ಮದಭಾವಿಯಲ್ಲಿ, ನಿಪ್ಪಾಣಿಯಲ್ಲಿ ಕನ್ನಡ ಕೈಗಳು ಹೊಲಿದದ್ದಕ್ಕೆ ಕೊಲ್ಹಾಪುರದ ಹೆಸರೇಕೆ ಎಂಬದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದದ್ದು, ಉತ್ತರವೂ ಸರಳವಾದದ್ದು. ಹೆಸರು ಬಂದದ್ದು ಮಾರುವ ಪೇಟೆಯಿಂದ. ಮಾಡುವ ಕೈಗಳು ಎರಡೂ ಕಡೆಯ ಹತ್ತಾರು ಊರುಗಳಲ್ಲಿದ್ದವು, ಇಂದಿಗೂ ಇವೆ. ಒಳಗಿನ ಬಗೆಗಳಿಗಾದರೋ ಊರಿನ ಹೆಸರುಗಳೇ ಉಳಿದಿವೆ; ಕಾಪಶಿ ಎಂಬ ಊರಿನವರು ಹೊಲಿದ ಮಾದರಿಗೆ ಇಂದಿಗೂ ಕಾಪಶಿ ಎಂದೇ ಕರೆಯುತ್ತಾರೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಥಣಿಯು ಮೈಸೂರು ರಾಜ್ಯಕ್ಕೆ ಸೇರಿತು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳು ಮುಂಬಯಿ ರಾಜ್ಯದಲ್ಲಿ ಉಳಿದು, ೧೯೬೦ರಿಂದ ಮಹಾರಾಷ್ಟ್ರದವಾದವು. ಬಂಧುಗಳ ನಡುವೆ ಗೆರೆ ಬಂದಿತು. ಆದರೆ ಹದಮಾಡಿದ ತೊಗಲೂ ಹೊಲಿದ ಜೋಡೂ ಆ ಗೆರೆಯನ್ನು ದಾಟುವದು ನಿಲ್ಲಲಿಲ್ಲ. ಸರಕಾರಗಳೂ ಕಡೆಗೆ ಇದನ್ನು ಒಪ್ಪಿಕೊಂಡಿವೆ. ಕೊಲ್ಹಾಪುರಿ ಚಪ್ಪಲಿಗೆ ೨೦೧೮-೧೯ರ ವರ್ಷದಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಅದು ಎರಡು ರಾಜ್ಯಗಳಿಗೆ ಕೂಡಿಯೇ ದೊರೆಯಿತು. ಆ ಕಡೆಯ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಈ ಕಡೆಯ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಹೀಗೆ ಎಂಟು ಜಿಲ್ಲೆಗಳು. ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳು ಜೊತೆಗೂಡಿ ಅರ್ಜಿ ಹಾಕಿದ್ದವು. ಗಡಿಯ ವಿಷಯದಲ್ಲಿ ಈ ಎರಡು ರಾಜ್ಯಗಳು ಒಂದೇ ಕಾಗದಕ್ಕೆ ರುಜು ಹಾಕಿದ ಸಂದರ್ಭಗಳು ಎಷ್ಟಿವೆಯೆಂದು ತಾವೇ ಎಣಿಸಿ ನೋಡಬಹುದು.

ಈಗ ಕಸುಬಿಗೆ ಬರೋಣ. ನಮ್ಮ ಸಂಘದ ಕೆಲವರು ಕಳೆದ ಬೇಸಿಗೆಯಲ್ಲಿ ಗಡಿಯಾಚೆಯ ಒಂದು ಊರಿಗೆ ಹೋಗಿ, ಒಬ್ಬ ಹಿರಿಯ ಕಸುಬುದಾರರ ಅಂಗಳದಲ್ಲಿ ಕುಳಿತು ಕಲಿತು ಬಂದೆವು. ಅವರ ಹೆಸರನ್ನು ಸಭೆಯಲ್ಲಿ ಹೇಳುವದಕ್ಕೆ ಅವರೇ ಒಪ್ಪಲಿಲ್ಲ. ಆದುದರಿಂದ ಅಜ್ಜನವರು ಎಂದಷ್ಟೇ ಹೇಳುತ್ತೇವೆ. ನಮ್ಮಲ್ಲಿ ಇಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ಕಿರಾಣಿ ವ್ಯಾಪಾರಸ್ಥರು, ಉಳಿದವರು ಒಕ್ಕಲಿಗರು. ಅಜ್ಜನವರು ನಮ್ಮೆಲ್ಲರನ್ನೂ ಒಂದೇ ಸಮನೆ "ಮಾಸ್ತರ" ಎಂದೇ ಕರೆದರು. ಮೊದಲಿನ ಕೆಲವು ದಿನ ರಂಪಿಗೆಯನ್ನು ಮುಟ್ಟಗೊಡಲಿಲ್ಲ. ತೊಗಲನ್ನು ನೋಡುವದಕ್ಕೇ ಹಚ್ಚಿದರು.

ತೊಗಲು ಎಂಬದು ತಂದ ಕೂಡಲೆ ಕೊಯ್ಯುವ ಬಟ್ಟೆಯಂಥದಲ್ಲ. ಹಸಿ ತೊಗಲನ್ನು ಮೊದಲು ನೀರಿನಲ್ಲಿ ನೆನೆಹಾಕಿ ರಕ್ತವನ್ನೂ ಮಣ್ಣನ್ನೂ ಕಳೆಯಬೇಕು. ಬಳಿಕ ಸುಣ್ಣದ ಕುಣಿಯಲ್ಲಿ ಕೆಲವು ದಿನ ಇಡಬೇಕು; ಆಗ ಕೂದಲಿನ ಬೇರು ಸಡಿಲಾಗುತ್ತದೆ. ಕೂದಲನ್ನೂ, ಒಳಮೈಯ ಮಾಂಸವನ್ನೂ ಹೆರೆದು ತೆಗೆದು, ಸುಣ್ಣ ಹೋಗುವಂತೆ ಮತ್ತೆ ಮತ್ತೆ ತೊಳೆಯಬೇಕು. ಇಷ್ಟರ ಮೇಲೆ ನಿಜವಾದ ಹದ ಆರಂಭವಾಗುವದು. ಜಾಲಿಯ ತೊಗಟೆಯನ್ನೂ ಅಳಲೆಕಾಯಿಯನ್ನೂ ಜಜ್ಜಿ ನೀರಿನಲ್ಲಿ ಹಾಕಿದರೆ ಒಗರು ಇಳಿಯುತ್ತದೆ. ಆ ಒಗರೇ ತೊಗಲಿನ ಎಳೆಎಳೆಯನ್ನು ಹಿಡಿದು, ಕೊಳೆಯದಂತೆ ಮಾಡುವ ಶಕ್ತಿ. ನಮ್ಮ ಭಾಗದ ಹಳೆಯ ಪದ್ಧತಿಯಲ್ಲಿ ತೊಗಲನ್ನು ಚೀಲದಂತೆ ಹೊಲಿದು, ಮೂರು ಕಾಲಿನ ಕಟ್ಟಿಗೆಗೆ ತೂಗುಹಾಕಿ, ಅದರ ಹೊಟ್ಟೆಯಲ್ಲಿ ತೊಗಟೆಯ ಪುಡಿಯನ್ನೂ ಒಗರುನೀರನ್ನೂ ತುಂಬುತ್ತಾರೆ. ನೀರು ತೊಗಲಿನ ರಂಧ್ರಗಳಿಂದ ಜಿನುಗಿ ಕೆಳಗಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಅದನ್ನೇ ಮತ್ತೆ ಮೇಲೆ ಸುರಿಯುತ್ತಾರೆ. ಒಂದು ದಿಕ್ಕು ಆದ ಮೇಲೆ ಚೀಲವನ್ನು ತಲೆಕೆಳಗಾಗಿಸಿ ಇನ್ನೊಂದು ದಿಕ್ಕು. ಹೀಗೆ ವಾರಗಟ್ಟಲೆ ನಡೆಯುವ ಕೆಲಸ. ಇಂದಿನ ದೊಡ್ಡ ಕಾರಖಾನೆಗಳಲ್ಲಿ ಕ್ರೋಮಿಯಮ್ ಲವಣದಿಂದ ಇದೇ ಕೆಲಸವನ್ನು ಅತ್ಯಲ್ಪ ಕಾಲದಲ್ಲಿ ಮುಗಿಸುತ್ತಾರೆ. ಆ ತೊಗಲು ಮೆತ್ತಗಿರುತ್ತದೆ, ನೀರಿಗೆ ಹೆದರುವದಿಲ್ಲ, ಬೂಟಿಗೆ ಒಳ್ಳೆಯದೇ. ಆದರೆ ಬಡಿದರೆ ಬಿಗಿಯುವ, ಬೆವರನ್ನು ಹೀರುವ, ಧರಿಸಿದವನ ಪಾದದ ಆಕಾರಕ್ಕೆ ತಾನೇ ಒಗ್ಗಿಕೊಳ್ಳುವ ಗುಣವು ತೊಗಟೆಯಲ್ಲಿ ಹದವಾದ ತೊಗಲಿನಲ್ಲಿರುವಷ್ಟು ಅದರಲ್ಲಿ ಇರಲಾರದು.

ಜಾಲಿಯ ಮಾತು ಬಂದಿತು. ನಮ್ಮ ಎರೆಹೊಲಗಳ ಬದುವಿನಲ್ಲಿ ನಿಂತು ದಾರಿಹೋಕನ ಅಂಗಾಲನ್ನು ಚುಚ್ಚುವ ಮುಳ್ಳು ಜಾಲಿಯದು. ಆ ಮುಳ್ಳನ್ನು ತಡೆಯುವ ತೊಗಲನ್ನು ಗಟ್ಟಿಮಾಡುವ ತೊಗಟೆಯೂ ಅದೇ ಗಿಡದ್ದು. ಈ ಸಂಗತಿಯನ್ನು ನಾವು ಅಜ್ಜನವರಿಗೆ ಬಹಳ ಸ್ವಾರಸ್ಯದಿಂದ ಹೇಳಿದೆವು. ಅವರು, "ಗಿಡಕ್ಕ ಎರಡೂ ಗೊತ್ತಿಲ್ಲ ಬಿಡ್ರಿ ಮಾಸ್ತರ, ಸುಲಿದವ್ರಿಗೆ ಗೊತ್ತೈತಿ" ಎಂದು ಕೆಲಸ ಮುಂದುವರಿಸಿದರು.

ಹದ ಎಂಬ ಮಾತನ್ನು ಕನ್ನಡದವರು ಎಲ್ಲೆಲ್ಲಿ ಬಳಸುತ್ತಾರೆಂಬದು ಗಮನಿಸತಕ್ಕ ವಿಷಯ. ಬಿತ್ತುವ ಭೂಮಿಗೆ ಹದ, ರೊಟ್ಟಿಯ ಹಿಟ್ಟಿಗೆ ಹದ, ಬೆಲ್ಲದ ಪಾಕಕ್ಕೆ ಹದ, ತೊಗಲಿಗೆ ಹದ. ಒಕ್ಕಲಿಗನೂ, ಅಡಿಗೆಯ ತಾಯಿಯೂ, ಡೋಹರನೂ ಒಂದೇ ಮಾತಿನಿಂದ ತಂತಮ್ಮ ವಿದ್ಯೆಯ ತುದಿಯನ್ನು ಹೇಳುತ್ತಿರುವಾಗ, ಆ ಮೂವರಲ್ಲಿ ಒಬ್ಬನ ವಿದ್ಯೆಯನ್ನು ಮಾತ್ರ ಊರ ಹೊರಗಿಟ್ಟವರು ನಮ್ಮ ಹಿರಿಯರು.

ಹದವಾದ ಎಮ್ಮೆ ಕೋಣಗಳ ದಪ್ಪ ತೊಗಲು ತಳಕ್ಕೆ. ತೆಳುವಾದದ್ದು, ಆಡಿನದು, ಮೇಲಿನ ಪಟ್ಟಿಗೂ ಹೆಣಿಗೆಗೂ. ತಳದ ತೊಗಲನ್ನು ನೆನೆಸಿ, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುವದೇ ಮೊದಲ ಪಾಠ. ಬಡಿದಷ್ಟೂ ಎಳೆಗಳು ಒತ್ತಾಗಿ ಕೂಡಿ ತೊಗಲು ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಮೇಲ್ಮೈಗೆ ಹೊಳಪು ಬರುತ್ತದೆ. ಬಳಿಕ ರಂಪಿಗೆಯಿಂದ ತಳವನ್ನು ಕೊಯ್ಯುವದು. ಮೇಲ್ತಳಕ್ಕೂ ಕೆಳತಳಕ್ಕೂ ನಡುವೆ ಎರಡು ಬದಿಗೆ ಕಿವಿಗಳನ್ನು ಸೇರಿಸುತ್ತಾರೆ. ಪಾದದ ಮೇಲೆ ಹಾಯುವ ಪಟ್ಟಿಗೆ ಆ ಕಿವಿಗಳೇ ಆಧಾರ. ಹೆಬ್ಬೆರಳಿಗೆ ಒಂದು ಉಂಗುರ. ಹೊಲಿಯುವದಕ್ಕೆ ನೂಲು ಬೇಡ, ಮೊಳೆಯಂತೂ ಕೂಡದು; ತೊಗಲಿನದೇ ಎಳೆ. ಅಂಗೈಯಗಲದ ಒಂದು ತುಂಡು ತೊಗಲನ್ನು ದುಂಡಗೆ ಮಾಡಿಕೊಂಡು, ಅಂಚಿನಿಂದ ಸುತ್ತುತ್ತ ಸುತ್ತುತ್ತ ಕೊಯ್ದರೆ ಮಾರುದ್ದದ ಎಳೆ ತುಂಡಾಗದೆ ಹೊರಬರುತ್ತದೆ. ಅಜ್ಜನವರು ಇದನ್ನು ಮಾತಾಡುತ್ತ, ಎತ್ತಲೋ ನೋಡುತ್ತ ಮಾಡುವರು. ಆರಿಯಿಂದ ತೂತು ಮಾಡಿ, ಒದ್ದೆಯ ಎಳೆಯನ್ನು ಪೋಣಿಸಿ, ಒಂದೊಂದು ಹೊಲಿಗೆಗೂ ಎಳೆದು ಬಿಗಿಯುವದು. ಒಣಗುತ್ತ ಹೋದಂತೆ ಎಳೆ ಇನ್ನಷ್ಟು ಬಿಗಿದುಕೊಳ್ಳುತ್ತದೆ.

ಪಟ್ಟಿಯ ಮೇಲಿನ ಹೆಣಿಗೆಯು ಹೆಚ್ಚಾಗಿ ಹೆಂಗಸರ ಕೈಕೆಲಸ. ಕೂದಲಿನ ಹೆರಳನ್ನು ಹೆಣೆದಂತೆ, ನೂಲಿನಷ್ಟು ಸಣ್ಣಗೆ ಕೊಯ್ದ ಎಳೆಗಳನ್ನು ಹೆಣೆಯುವದು, ಗೊಂಡೆ ಕಟ್ಟುವದು, ಚಿತ್ತಾರದ ತೂತು ಹೊಡೆಯುವದು. ಪೇಟೆಯಲ್ಲಿ ಕೊಳ್ಳುವವನ ಕಣ್ಣು ಮೊದಲು ಬೀಳುವದು ಈ ಕೆಲಸದ ಮೇಲೆಯೆ. ಆದರೂ ಬಹುಕಾಲ ಲೆಕ್ಕದಲ್ಲಿ ಅದಕ್ಕೆ ಬೇರೆ ಕೂಲಿ ಇರಲಿಲ್ಲ. ಮನೆಯ ಕೆಲಸದಲ್ಲಿಯೇ ಅದು ಸೇರಿಹೋಗುತ್ತಿತ್ತು. ಅಥಣಿಯ ಕಡೆ ಮಹಿಳೆಯರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು ತಮ್ಮ ದುಡಿಮೆಯ ಹಣವನ್ನು ತಮ್ಮ ಹೆಸರಿನಲ್ಲಿಯೇ ಪಡೆಯತೊಡಗಿದ್ದು ಈಚಿನ ದಶಕಗಳ ಶುಭವಾರ್ತೆ.

ಇಂಥ ಜೋಡು ಎಂಥ ಉಡುಗೆಗೆ ಒಪ್ಪುತ್ತದೆಂಬದು ನಮ್ಮ ಮುಂದಿನ ವಿಷಯ. ಗಂಡಸರ ಅಲಂಕಾರದ ಮಾತು ಬಂದರೆ ನಮ್ಮ ಜನ ನಗುತ್ತಾರೆ. ಆದರೆ ನಮ್ಮ ಹಿರಿಯರ ಉಡುಗೆಯಲ್ಲಿ ಒಂದು ಗಂಭೀರವಾದ ವಿಚಾರವಿತ್ತೆಂಬದು ನಮ್ಮ ಅಭಿಪ್ರಾಯ. ಜಾತ್ರೆಗೆ ಹೊರಟ ಒಕ್ಕಲಿಗನನ್ನು ನೆನೆಯಿರಿ. ತಲೆಗೆ ರುಮಾಲು, ಮೈಗೆ ಬಿಳಿಯ ಅಂಗಿ, ಅದರ ಮೇಲೊಂದು ಜಾಕೀಟು, ಕಚ್ಚೆ ಹಾಕಿ ಉಟ್ಟ ಧೋತರ, ಹೆಗಲಿಗೆ ಕಂಬಳಿ, ಕಾಲಿಗೆ ದಪ್ಪ ತಳದ ಕಾಲ್ಮರಿ. ವಸ್ತುಗಳು ಐದಾರೇ. ಆದರೆ ಪ್ರತಿಯೊಂದನ್ನೂ ಯಾರು ನೇಯ್ದರು, ಯಾರು ಹೊಲಿದರು, ಎಲ್ಲಿಯ ಉಣ್ಣೆ, ಎಲ್ಲಿಯ ತೊಗಲು ಎಂಬದು ಅವನಿಗೆ ಗೊತ್ತು. ಸೊಲ್ಲಾಪುರದಲ್ಲಿ ೧೮೭೭ರಲ್ಲಿ ಹಳೆಯ ಗಿರಣಿ ನಿಂತ ಮೇಲೆ ಧೋತರ ಗಿರಣಿಯದಾಯಿತು. ಗಿರಣಿ ಮುಚ್ಚಿಯೂ ಈಗ ದಶಕಗಳಾದವು. ಕಾಲ್ಮರಿ ಮಾತ್ರ ಕೈಯದಾಗಿಯೇ ಉಳಿಯಿತು.

ಉಡುಗೆಯಲ್ಲಿ ಒಂದಕ್ಕೊಂದು ಒಪ್ಪುವದೆಂದರೇನು? ಧೋತರದ ಅಂಚು ಹರಡಿನ ಮೇಲೆ ನಿಲ್ಲುತ್ತದೆ. ಕೆಳಗೆ ಪಾದವೆಲ್ಲ ಕಾಣುತ್ತದೆ. ಮೇಲೆ ಬಿಳುಪಿನ ವಿಸ್ತಾರ, ನಡುವೆ ನೆರಿಗೆಯ ಅಲೆ. ಇಷ್ಟು ಹಗುರಾದದ್ದನ್ನು ನೆಲಕ್ಕೆ ಹಿಡಿದು ನಿಲ್ಲಿಸಲು ಕೆಳಗೆ ತೂಕವುಳ್ಳದ್ದೇ ಬೇಕು. ಪಾದಕ್ಕೆ ಅಂಟಿಕೊಂಡ ತೆಳುವಾದ ರಬ್ಬರಿನ ಚಪ್ಪಲಿಯನ್ನು ಅದೇ ಧೋತರದ ಕೆಳಗೆ ಇಟ್ಟು ನೋಡಿದರೆ ಉಡುಗೆಯೆಲ್ಲ ಗಾಳಿಗೆ ಹಾರಿಹೋಗುವಂತೆ ತೋರುತ್ತದೆ. ತೂಕದ ಕಾಲ್ಮರಿಯು ನಡಿಗೆಯನ್ನೂ ತಿದ್ದುತ್ತದೆ. ಅದನ್ನು ಮೆಟ್ಟಿದವನು ಕಾಲೆಳೆಯಲಾರ, ಎತ್ತಿ ಇಡಲೇಬೇಕು. ಮೇಲೆ ತೆರೆದಿರುವದರಿಂದ ನಮ್ಮ ಬಿಸಿಲಿನಲ್ಲಿ ಬೆವರು ನಿಲ್ಲುವದಿಲ್ಲ. ಎರೆಯ ಧೂಳು ಒಳಗೆ ಹೊಕ್ಕರೂ ಒಂದು ಸಲ ಝಾಡಿಸಿದರೆ ತೀರಿತು. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ನಡೆದು ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯ ಜೋಡಿಗೆ ಜರಿಯ ಹೆಣಿಗೆ, ಕೆಂಪು ಗೊಂಡೆ; ದಿನದ ಜೋಡಿಗೆ ಏನೂ ಇಲ್ಲ, ತೊಗಲಿನ ಬಣ್ಣವೇ ಬಣ್ಣ. ನಡೆದರೆ ಕಿರ್ ಕಿರ್ ಎಂದು ಸಪ್ಪಳ ಮಾಡುವ ಜೋಡನ್ನು ಹೇಳಿ ಮಾಡಿಸಿಕೊಳ್ಳುವವರೂ ಇದ್ದರು. ಮಾವನ ಮನೆಗೆ ಅಳಿಯ ಬಂದನೆಂದು ಓಣಿಗೆ ತಿಳಿಯಬೇಕಲ್ಲ! ಇಂದಿನ ತರುಣರು ಅರಿವೆಯ ಪ್ಯಾಂಟಿನ ಕೆಳಗೂ ಇದನ್ನು ಮೆಟ್ಟುತ್ತಾರೆ, ಅದೂ ಒಪ್ಪುತ್ತದೆ. ಕಾಲುಚೀಲದ ಮೇಲೆ ಮಾತ್ರ ದಯವಿಟ್ಟು ಮೆಟ್ಟಬಾರದು.

ಇಲ್ಲಿಯ ವರೆಗೆ ತಾವು ಸಂತೋಷದಿಂದ ಕೇಳಿದಿರಿ. ಮುಂದಿನ ಮಾತು ಅಷ್ಟು ಸುಖದ್ದಲ್ಲ.

ಜಾತ್ರೆಗೆ ಹೊರಟ ಆ ಒಕ್ಕಲಿಗನ ಕಾಲಿನಲ್ಲಿ ಕಿರ್ ಎನ್ನುತ್ತಿದ್ದ ಜೋಡನ್ನು ಮಾಡಿದವನು, ತಾನು ಮಾಡಿದ ಜೋಡನ್ನು ತಾನು ಮೆಟ್ಟಿ ಗೌಡರ ಮನೆಯ ಮುಂದೆ ಹಾಯುವಂತಿರಲಿಲ್ಲ. ಕಾಲಿನಿಂದ ತೆಗೆದು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ದಾಟಬೇಕಾಗಿತ್ತು. ಸುಗ್ಗಿಯಲ್ಲಿ ಆಯದ ಕಾಳನ್ನು ಅವನ ಕಂಬಳಿಗೆ ಮೇಲಿನಿಂದ ಸುರಿಯುತ್ತಿದ್ದರು. ಬಾವಿಯ ಮೊಟ್ಟೆ ಅವನ ಕೈಯದು, ನೊಗದ ಮಿಣಿ ಅವನ ಕೈಯದು, ಬಾರುಕೋಲಿನ ಬಾರು ಅವನ ಕೈಯದು. ಮೊಟ್ಟೆಯಿಂದ ಮೇಲೆ ಬಂದ ನೀರನ್ನು ಮಾತ್ರ ಅವನು ಮುಟ್ಟಬಾರದಾಗಿತ್ತು. ಸಭೆಯಲ್ಲಿ ಚಪ್ಪಲಿಯ ಮಾತು ಶೋಭಿಸದೆಂಬ ಅನ್ನಿಸಿಕೆ ಎಲ್ಲಿಂದ ಬಂದಿತೆಂಬದಕ್ಕೆ ಇಷ್ಟು ಸಾಕು. ೧೯೫೦ರ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಕಾಗದದಿಂದ ಅಂಗಳಕ್ಕೆ ಬರುವದಕ್ಕೆ ಅದು ಹಿಡಿದ ಕಾಲವನ್ನು ಇಲ್ಲಿರುವ ಹಿರಿಯರಲ್ಲಿ ಕೆಲವರು ಕಣ್ಣಾರೆ ಕಂಡಿದ್ದಾರೆ, ಕೆಲವರು ಅನುಭವಿಸಿದ್ದಾರೆ.

ಈ ಕಸುಬಿನವರು ತಮ್ಮ ಪರಂಪರೆಯನ್ನು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಒಯ್ಯುತ್ತಾರೆ. ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ ಎಂಬ ಶರಣರ ಹೆಸರುಗಳಲ್ಲಿಯೇ ತೊಗಲಿನ ಹದದಿಂದ ಹೊಲಿಗೆಯ ವರೆಗಿನ ಕಾಯಕವೆಲ್ಲ ಇದೆ. ಬಸವಣ್ಣನವರು ತಮ್ಮ ಶರಣಾರ್ಥಿಗೆ ಒಂದು ಹೆಚ್ಚಿಗೆ ಶರಣಾರ್ಥಿಯನ್ನು ಸಲ್ಲಿಸಿದರೆಂದು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದ ಕಥೆಯನ್ನು ಪುರಾಣದಲ್ಲಿ ಕೇಳಿ ಕಣ್ಣೀರು ಸುರಿಸದವರು ಯಾರಿದ್ದಾರೆ? ಪುರಾಣ ಮುಗಿಸಿ ಎದ್ದವರು ಸಮಗಾರರ ಓಣಿಯಲ್ಲಿ ಒಂದು ತಂಬಿಗೆ ನೀರು ಕುಡಿದರೇ ಎಂಬದಷ್ಟೇ ನಮ್ಮ ಪ್ರಶ್ನೆ.

ಆದುದರಿಂದ ಉಡುಗೆಯ ಶ್ಲಾಘನೆಯನ್ನು ನಾವು ಎಚ್ಚರದಿಂದ ಮಾಡಬೇಕಾಗಿದೆ. ಧೋತರ ರುಮಾಲುಗಳ ಚೆಲುವನ್ನು ಹೊಗಳುವಾಗ, ಆ ಚೆಲುವು ಎಲ್ಲರ ಪಾಲಿಗೂ ಇರಲಿಲ್ಲವೆಂಬದು ನೆನಪಿರಬೇಕು. ಡಾಕ್ಟರ್ ಅಂಬೇಡಕರರು ಕೋಟು, ಪ್ಯಾಂಟು, ಕೊರಳಪಟ್ಟಿ, ಬೂಟುಗಳಲ್ಲಿ ಅಚ್ಚುಕಟ್ಟಾಗಿ ಕಾಣಿಸಿಕೊಂಡದ್ದು ಬರಿಯ ವಿಲಾಯತಿ ಅಭಿರುಚಿಯೆಂದು ಕೆಲವರು ತಿಳಿಯುತ್ತಾರೆ. ಯಾವ ಜನಕ್ಕೆ ಒಳ್ಳೆಯ ಅರಿವೆಯನ್ನೂ ಕಾಲಿಗೆ ಮೆಟ್ಟನ್ನೂ ಊರು ನಿಷೇಧಿಸಿತ್ತೋ ಆ ಜನದ ಮುಂದಾಳು ತಲೆಯಿಂದ ಕಾಲಿನ ವರೆಗೆ ಪೂರ್ಣವಾಗಿ ಉಟ್ಟು ಸಭೆಗೆ ಬರುವದು ಒಂದು ಘೋಷಣೆಯೇ ಆಗಿತ್ತು. ೧೯೨೦ರ ಮಾರ್ಚಿನಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾವದ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ಅವರನ್ನು ಜನತೆಯ ಮುಂದೆ ಗೌರವಿಸಿದರು. ಕಾಲ್ಮರಿಯ ನಾಡಿನಲ್ಲಿಯೇ ನಡೆದ ಘಟನೆಯಿದು.

ಇನ್ನೊಂದು ಉದಾಹರಣೆ ಕಲಿಯುವ ವಿಷಯದ್ದು. ಗಾಂಧೀಜಿಯವರು ದಕ್ಷಿಣ ಆಫ್ರಿಕೆಯ ಜೋಹಾನ್ಸ್‌ಬರ್ಗದ ಹತ್ತಿರ ೧೯೧೦ರಲ್ಲಿ ಟಾಲ್‌ಸ್ಟಾಯ್ ಆಶ್ರಮವನ್ನು ಹೂಡಿದಾಗ, ಅವರ ಮಿತ್ರರಾದ ಕಾಲೆನ್‌ಬಾಖರು ಒಂದು ಕ್ರೈಸ್ತ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯವರಿಂದ ಉಳಿದವರು. ವಕೀಲಿ ಮಾಡಿದ ವೈಶ್ಯರೊಬ್ಬರು ತೊಗಲು ಹಿಡಿದು ಕುಳಿತರು. ಸೆರೆಮನೆಯಲ್ಲಿದ್ದಾಗ ಅವರು ಹೊಲಿದ ಒಂದು ಜೊತೆ ಚಪ್ಪಲಿಯನ್ನು, ೧೯೧೪ರಲ್ಲಿ ಆ ದೇಶವನ್ನು ಬಿಡುವಾಗ, ತಮ್ಮನ್ನು ಸೆರೆಗೆ ಹಾಕಿದ ಜನರಲ್ ಸ್ಮಟ್ಸರಿಗೇ ಕಾಣಿಕೆಯಾಗಿ ಕೊಟ್ಟರು. ಸ್ಮಟ್ಸರು ಅವನ್ನು ಹಲವು ಬೇಸಿಗೆಗಳಲ್ಲಿ ಮೆಟ್ಟಿ, ಗಾಂಧೀಜಿಯವರ ಎಪ್ಪತ್ತನೆಯ ಹುಟ್ಟುಹಬ್ಬದ ವರ್ಷವಾದ ೧೯೩೯ರಲ್ಲಿ ಗೌರವಪೂರ್ವಕವಾಗಿ ಹಿಂದಿರುಗಿಸಿದರು. ಕಾಲು ಶತಮಾನ ಬಾಳಿದ ಆ ಹೊಲಿಗೆಯ ಗಟ್ಟಿತನವನ್ನೂ ನಾವು ಸ್ವಲ್ಪ ಮೆಚ್ಚಬೇಕು. ಇದೇ ಗಾಂಧೀಜಿ ೧೯೨೪ರ ಡಿಸೆಂಬರದಲ್ಲಿ ನಮ್ಮ ನೆರೆಯ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಕುಳಿತರು. ಸಂಪರ್ಕಕ್ಕೆ ಬಂದವರಲ್ಲಿ ಅನೇಕರು ಚರಕವನ್ನು ಹಿಡಿದರು, ರಂಪಿಗೆಯನ್ನು ಹಿಡಿದವರು ಕಡಿಮೆ. ಅದಕ್ಕೆ ಕಾರಣ ಊಹಿಸುವದು ಕಷ್ಟವಲ್ಲ.

ಇಂದಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದವು. ಮಹಾರಾಷ್ಟ್ರದಲ್ಲಿ ೨೦೧೫ರಲ್ಲಿಯೂ ಕರ್ನಾಟಕದಲ್ಲಿ ೨೦೨೧ರಲ್ಲಿಯೂ ಜಾರಿಗೆ ಬಂದ ಜಾನುವಾರು ಸಂರಕ್ಷಣೆಯ ಕಾನೂನುಗಳ ಬಳಿಕ ಹಸಿ ತೊಗಲು ದೊರೆಯುವದೂ ಸಾಗಿಸುವದೂ ಬಿಗಿಯಾದವು. ಮನೆಯಂಗಳದ ಹದದ ಕುಣಿಗಳು ಅನೇಕ ಕಡೆ ಬತ್ತಿವೆ. ಪೇಟೆಯಲ್ಲಿ ಯಂತ್ರದ ನಕಲಿ ಜೋಡುಗಳು ಅದೇ ಹೆಸರಿನಿಂದ ಅಗ್ಗದಲ್ಲಿ ಮಾರಾಟವಾಗುತ್ತವೆ. ಕಲಿತ ಮಕ್ಕಳು ಬೇರೆ ಉದ್ಯೋಗಕ್ಕೆ ಹೋಗುತ್ತಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅಪ್ಪನ ಕಸುಬನ್ನು ಮಗನು ಮಾಡಲೇಬೇಕೆಂಬ ಹಳೆಯ ಕಟ್ಟನ್ನು ಪರಂಪರೆಯ ಹೆಸರಿನಿಂದ ಮತ್ತೆ ಕಟ್ಟಲು ನಾವು ಹೇಳುವದಿಲ್ಲ. ಅವರು ಬಿಟ್ಟುಹೋದರೆ ಕಸುಬು ಸಾಯುತ್ತದೆಂದು ದುಃಖಿಸುವ ನಾವು, ನಮ್ಮ ಮಕ್ಕಳನ್ನು ಅದಕ್ಕೆ ಕೂರಿಸಿದ್ದೇವೆಯೇ ಎಂದು ಕೇಳಿಕೊಂಡರೆ ಸಾಕು.

೨೦೨೫ರ ಜೂನಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಪ್ರಸಿದ್ಧ ಸಂಸ್ಥೆಯು ಗಂಡಸರ ಉಡುಗೆಗಳ ಪ್ರದರ್ಶನದಲ್ಲಿ ನಮ್ಮ ಕಾಲ್ಮರಿಯನ್ನೇ ಹೋಲುವ ಚಪ್ಪಲಿಗಳನ್ನು ತೋರಿಸಿದ್ದು ತಮಗೆಲ್ಲ ತಿಳಿದಿದೆ. ಮೊದಲು ಮೂಲದ ಹೆಸರು ಹೇಳಲಿಲ್ಲ. ಇಲ್ಲಿ ಕೂಗೆದ್ದ ಮೇಲೆ ಭಾರತದ ಕೈಕಸುಬಿನ ಪ್ರೇರಣೆಯೆಂದು ಒಪ್ಪಿಕೊಂಡರು. ಅದೇ ವರ್ಷದ ಡಿಸೆಂಬರದಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳೊಡನೆ ಒಪ್ಪಂದವಾಯಿತು. ಇಲ್ಲಿಯ ಕುಶಲಿಗಳಿಂದ ೨,೦೦೦ ಜೊತೆ ಮಾಡಿಸುವದೆಂದೂ, ಒಂದೊಂದು ಜೊತೆಯ ಬೆಲೆ ಸುಮಾರು ೮೦೦ ಯೂರೋ ಎಂದೂ ಪ್ರಕಟವಾಯಿತು. 

ಈ ಸುದ್ದಿಯನ್ನು ನಾವು ಅಜ್ಜನವರಿಗೆ ಓದಿ ಹೇಳಿದೆವು. ಯೂರೋ ಎಂದರೆ ಎಷ್ಟು ರೂಪಾಯಿ ಎಂದು ಕೇಳಿದರು. ಲೆಕ್ಕ ಹಾಕಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟ ಕೊಟ್ಟು ತೊಗೊಂಡವ್ರು ಅದನ್ನ ಮೆಟ್ಟಿ ನಡೀತಾರೇನ್ರಿ, ಇಲ್ಲಾ ಕಪಾಟಿನ್ಯಾಗ ಇಡತಾರ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಮನಸ್ಸಿಗೆ ಚುಚ್ಚಿದ್ದು ಬೇರೆ ಸಂಗತಿ. ಮಿಲಾನಿನವರು ಹೆಸರು ಹೇಳಲಿಲ್ಲವೆಂದು ಕೋಪಿಸಿಕೊಂಡ ನಮ್ಮಲ್ಲಿ ಎಷ್ಟು ಜನರಿಗೆ, ನಮ್ಮ ಕಾಲಿನಲ್ಲಿರುವ ಜೋಡನ್ನು ಹೊಲಿದವರ ಹೆಸರು ಗೊತ್ತಿದೆ?

ಈಗ ಸಂಘದ ಮುಂದೆ ಒಂದು ಸೂಚನೆಯನ್ನು ಇಡುತ್ತೇವೆ. ಕೈಕೆಲಸವನ್ನು ನಡುವಿಟ್ಟು ಪಾಠ ಕಲಿಸಬೇಕೆಂಬ ಯೋಜನೆಯನ್ನು ೧೯೩೭ರಲ್ಲಿ ವರ್ಧಾದಲ್ಲಿ ಗಾಂಧೀಜಿ ಮುಂದಿಟ್ಟರು. ನಮ್ಮ ಶಾಲೆಗಳಲ್ಲಿ ಅದು ತಕಲಿಯ ನೂಲಿನಲ್ಲಿಯೇ ಮುಗಿದುಹೋಯಿತು. ನಾವು ಕೇಳುವದು ಬಹಳ ಸಣ್ಣದು. ನಮ್ಮ ಕನ್ನಡ ಶಾಲೆಗಳ ಮೇಲಿನ ತರಗತಿಗಳಲ್ಲಿ ಶನಿವಾರಕ್ಕೆ ಒಂದು ಪಾಠ, ತೊಗಲಿನ ಕೆಲಸದ್ದು. ಸುಣ್ಣದ ಕುಣಿ ಮಕ್ಕಳಿಗೆ ಬೇಡ. ಹದವಾದ ತೊಗಲನ್ನು ತಂದು ಎಳೆ ಕೊಯ್ಯುವದು, ಹೆಣೆಯುವದು, ಒಂದು ಕೈಚೀಲಕ್ಕೆ ಪಟ್ಟಿ ಹೊಲಿಯುವದು ಸಾಕು. ಕಲಿಸುವವರು ಕಸುಬಿನವರೇ ಆಗಿರಬೇಕು. ಅವರಿಗೆ ಮಾಸ್ತರರ ಕುರ್ಚಿ, ಮಾಸ್ತರರ ಸಂಭಾವನೆ ಎರಡೂ ಸಲ್ಲಬೇಕು. ಮಕ್ಕಳನ್ನು ಆರಿಸಬಾರದು, ಎಲ್ಲ ಮನೆಯವರೂ ಕೂರಬೇಕು. ನಮಸ್ಕಾರ ಮಾಡಿ ಪಾಠಕ್ಕೆ ಕುಳಿತ ಮಗು ಮನೆಗೆ ಹೋಗಿ ತನ್ನ ಗುರುಗಳ ಹೆಸರನ್ನು ಹೇಳುವಾಗ, ಆ ಮನೆಯ ಹಿರಿಯರ ಮುಖವನ್ನು ನೋಡಬೇಕೆಂಬ ಆಸೆ ನಮಗಿದೆ.

ಇದರೊಂದಿಗೆ ಭಾಷೆಯ ಕೆಲಸವೂ ಒಂದುಂಟು. ಈ ಕಸುಬಿನ ಮಾತುಗಳನ್ನು ಯಾವ ಪಠ್ಯಪುಸ್ತಕವೂ ಕಲಿಸುವದಿಲ್ಲ. ರಂಪಿಗೆ, ಆರಿ, ಕಿವಿ, ಗೊಂಡೆ, ಎಳೆ, ಹದ, ಇವೆಲ್ಲ ಬಾಯಿಂದ ಬಾಯಿಗೆ ಬಂದವು. ಕನ್ನಡವೆಷ್ಟು, ಮರಾಠಿಯೆಷ್ಟು ಎಂದು ಬಿಡಿಸುವದು ಕೂಡ ಕಷ್ಟ. ಹಿರಿಯ ಕಸುಬುದಾರರ ಮುಂದೆ ವಹಿ ಹಿಡಿದು ಕುಳಿತು ಮಕ್ಕಳು ಈ ಮಾತುಗಳನ್ನು ಬರೆದುಕೊಂಡರೆ, ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ಅಚ್ಚುಹಾಕಬಹುದು. ಸಂಪಾದಕರು ಪುಟ ಕೊಡಲು ಒಪ್ಪಿದ್ದಾರೆ.

ಇನ್ನು ಕೊಳ್ಳುವವರಿಗೆ ನಾಲ್ಕು ಮಾತು. ಸಂಜೆಯ ಹೊತ್ತಿಗೆ ಪಾದ ತುಸು ಬಾತಿರುತ್ತದೆ. ಆಗ ಅಳತೆ ಕೊಡಿರಿ. ತಳದ ಕೊಯ್ದ ಅಂಚನ್ನು ನೋಡಿರಿ. ತೊಗಟೆಯಲ್ಲಿ ಹದವಾದ ತೊಗಲು ಹೊರಗೂ ಒಳಗೂ ಒಂದೇ ಕಂದುಬಣ್ಣ ತೋರುತ್ತದೆ, ನಕಲಿಯದರಲ್ಲಿ ಒಳಗೆ ರಟ್ಟು ಕಾಣುತ್ತದೆ. ಮೊಳೆ ಇದ್ದರೆ ಬಿಟ್ಟುಬಿಡಿರಿ. ಹೊಸದು ಬಿಗಿಯಾಗಿಯೇ ಇರುತ್ತದೆ, ಮೊದಲ ವಾರ ಮನೆಯೊಳಗೆ ದಿನಕ್ಕೆ ಒಂದೊಂದು ತಾಸು ಮೆಟ್ಟಿರಿ. ಔಡಲೆಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಬೆರಳಿನಿಂದ ತೆಳುವಾಗಿ ಸವರಿ ರಾತ್ರಿ ಬಿಡಿರಿ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದಂತೆ ಮೊದಲ ದಿನವೇ ಬಟ್ಟಲು ಎಣ್ಣೆ ಸುರಿಯುವದು ಬೇಡ. ತೊಗಲು ಮೆತ್ತಗಾಗಿ ಆಕಾರ ಕೆಡುತ್ತದೆ. ಮಳೆಯಲ್ಲಿ ಮೆಟ್ಟಬೇಡಿರಿ. ತೊಯ್ದರೆ ನೆರಳಿನಲ್ಲಿ ಒಣಗಿಸಿರಿ, ಒಲೆಯ ಹತ್ತಿರ ಒಯ್ಯಬೇಡಿರಿ. ತಳ ಸವೆದರೆ ಎಸೆಯದೆ, ಮಾಡಿದವರಲ್ಲಿಗೇ ಒಯ್ದು ಹೊಸ ತಳ ಹಾಕಿಸಿಕೊಳ್ಳಿರಿ.

ಅಜ್ಜನವರ ಮಗಳೂ ಮೊಮ್ಮಗನೂ ಸಾಮಾನು ಸಹಿತ ಈ ಶಾಲೆಯ ಏಳನೆಯ ತರಗತಿಯ ಕೋಣೆಯಲ್ಲಿ ಕುಳಿತಿದ್ದಾರೆ. ಅಕ್ಕನವರು ಹೆಣಿಗೆಯನ್ನು ತೋರಿಸುವರು. ತಮ್ಮ ಮಕ್ಕಳನ್ನು ಹತ್ತಿರ ಕೂರಿಸಿ ಎಳೆ ಹಿಡಿಸುವದಾಗಿಯೂ ಹೇಳಿದ್ದಾರೆ. ಕಾಲಿನ ಅಳತೆಯನ್ನು ಸಂಜೆ ಐದರಿಂದ ತೆಗೆದುಕೊಳ್ಳುತ್ತಾರೆ. ಬೆಲೆಯನ್ನು ಅವರೇ ಹಲಗೆಯ ಮೇಲೆ ಬರೆದಿಟ್ಟಿದ್ದಾರೆ, ಚೌಕಾಶಿ ಮಾಡಬಾರದೆಂದು ಸಂಘದ ಪರವಾಗಿ ವಿನಂತಿ. ಚಹಾ ಫರಾಳದ ವ್ಯವಸ್ಥೆಯೂ ಅದೇ ಕೋಣೆಯಲ್ಲಿದೆ; ಅವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ತೆಗೆದುಕೊಳ್ಳೋಣ.